ಬಾವಿಯಿಂದ ದಿನಾ ಮೂರು ಡ್ರಮ್

2023ರ ಮೇ ತಿಂಗಳು. ಮಧ್ಯಾಹ್ನ ನನ್ನ ಕೌನ್ಸೆಲಿಂಗ್ ಕೋಣೆಗೆ ಬಂದವರು ಕುಳಿತುಕೊಳ್ಳುವ ಮೊದಲೇ ಕೇಳಿದರು: "ಮೇಡಂ, ಎಷ್ಟು ಹೊತ್ತು ಆಗ್ತದೆ? ಗಾಡಿಯಲ್ಲಿ ಗಿಡ ಉಂಟು, ಬಿಸಿಲಿಗೆ ಬಾಡ್ತದೆ." ನಲವತ್ತು ದಾಟಿದ ಗಂಡಸು, ಅಂಗಿಯಲ್ಲಿ ಪೆಟ್ರೋಲ್ ವಾಸನೆ, ಅಂಗೈ ತುಂಬ ಮೆಷಿನ್ ಹಿಡಿದ ದಡ್ಡು. ಬಿಪಿ ಏರಿದೆ, ನಿದ್ದೆ ಇಲ್ಲ, ಮನೆಯಲ್ಲಿ ಸಿಡಿಮಿಡಿ ಎಂದು ವೈದ್ಯರು ಚೀಟಿಯಲ್ಲಿ ಬರೆದು ಕಳಿಸಿದ್ದರು. (ಬಡಾವಣೆ, ಮನೆಗಳ ಲೆಕ್ಕ, ಗುರುತು ಸಿಗುವ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರೂ ಅವರ ಹೆಂಡತಿಯೂ ಒಪ್ಪಿದ್ದಾರೆ.)

ದುಬೈಯಲ್ಲಿ ಹನ್ನೊಂದು ವರ್ಷ ಲ್ಯಾಂಡ್‌ಸ್ಕೇಪ್ ಕೆಲಸ ಮಾಡಿ ಊರಿಗೆ ಬಂದವರು. ಸಾಲದಲ್ಲಿ ಒಂದು ಪಿಕಪ್, ಎರಡು ಹುಲ್ಲು ಕತ್ತರಿಸುವ ಮೆಷಿನ್, ಇಬ್ಬರು ಹುಡುಗರು. ಮಂಗಳೂರಿನ ಹದಿನಾಲ್ಕು ಮನೆಗಳ ಲಾನ್ ತಿಂಗಳ ಲೆಕ್ಕದಲ್ಲಿ ನೋಡಿಕೊಳ್ಳುತ್ತಿದ್ದರು. ಆ ಬೇಸಿಗೆ ತುಂಬೆ ಡ್ಯಾಮಿನ ನೀರು ಇಳಿದು ನಗರದಲ್ಲಿ ರೇಷನಿಂಗ್ ಶುರುವಾಗಿತ್ತು. ಕುಡಿಯಲಿಕ್ಕೇ ಲೆಕ್ಕ ಹಾಕುವಾಗ ಹುಲ್ಲಿಗೆ ಪೈಪ್ ಹಿಡಿಯುವವರು ಯಾರು? ಲಾನ್‌ಗಳು ಒಂದೊಂದಾಗಿ ಕಂದು ಬಣ್ಣಕ್ಕೆ ತಿರುಗಿದವು.

ಅವರು ಹೇಳಿದ ಒಂದು ಮಾತು ನನ್ನ ಪುಸ್ತಕದಲ್ಲಿ ಹಾಗೆಯೇ ಉಂಟು: "ಮರುಭೂಮಿಯಲ್ಲಿ ಹುಲ್ಲು ಹಸಿರಿಟ್ಟವ ನಾನು. ಇಷ್ಟು ಮಳೆ ಬೀಳುವ ನಮ್ಮ ಊರಲ್ಲಿ ಒಣಗಿಸಿದೆ." ಅಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ವರ್ಷವಿಡೀ ಪೈಪಿನಲ್ಲಿ ಬರುತ್ತದೆ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೇಲೆ ಸುರಿದರೂ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅದೂ ಮುರಕಲ್ಲಿನ ನೆಲದಲ್ಲಿ ಇಂಗಿ ಹರಿದು ಹೋಗುತ್ತದೆ. ಇದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬರದ ತಪ್ಪನ್ನು ಅವರೇ ಹೊತ್ತುಕೊಂಡಿದ್ದರು.

ಇಲ್ಲಿ ನನ್ನ ಎಡವಟ್ಟನ್ನೂ ಹೇಳಬೇಕು. ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತದೆ, ಮತ್ತೆ ನಿದ್ದೆ ಇಲ್ಲ ಎಂದರು. ಖಿನ್ನತೆಯಲ್ಲಿ ಹೀಗಾಗುವುದುಂಟು. ಹಾಗೇ ಬರೆದುಕೊಂಡು ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ, ಸಂಜೆ ಚಹಾ ಬಿಡಿ ಎಂದೆ. ಎರಡು ವಾರ ನಿಯತ್ತಿನಿಂದ ಮಾಡಿದರು, ಏನೂ ಬದಲಾಗಲಿಲ್ಲ. ಮೂರನೇ ಸಲ ಹೆಂಡತಿಯೂ ಬಂದರು. ನಾನು ನಿದ್ದೆಯ ಮಾತು ಎತ್ತಿದ್ದೇ ತಡ, "ಇವರಿಗೆ ಎಚ್ಚರ ಆಗುದಲ್ಲ ಮೇಡಂ, ಅಲಾರಂ ಇಟ್ಟು ಏಳುದು!" ಎಂದರು.

ವಿಷಯ ಇಷ್ಟು. ಮೊದಲ ಪಿಕಪ್‌ಗೆ ಮುಂಗಡ ಹಣ ಕೊಟ್ಟು ನಂಬಿದ ಒಬ್ಬ ಹಿರಿಯರ ಮನೆಯಲ್ಲಿ ಐದು ಸೆಂಟ್ಸ್ ಲಾನ್. ಮಗಳ ಮೆಹಂದಿ ಅಲ್ಲೇ ಆಗಬೇಕು. "ಹಸಿರು ಇರ್ತದಲ್ಲ?" ಎಂದು ಅವರು ಕೇಳಿದ್ದಕ್ಕೆ ಇವರು "ಇರ್ತದೆ" ಎಂದುಬಿಟ್ಟಿದ್ದರು. ಆ ಒಂದು ಮಾತಿಗೆ ಕಟ್ಟುಬಿದ್ದು ಮೂರು ಗಂಟೆಗೆ ಎದ್ದು, ಸ್ವಂತ ಬಾವಿಗೆ ಪಂಪ್ ಹಾಕಿ, ಇನ್ನೂರು ಲೀಟರಿನ ಮೂರು ಡ್ರಮ್ ತುಂಬಿಸಿ ಕೊಂಡುಹೋಗುತ್ತಿದ್ದರು. ಒಂದು ಬೆಳಿಗ್ಗೆ ಪಂಪ್ ಗಾಳಿ ಎಳೆಯಿತು. ಹೆಂಡತಿ ಹಗ್ಗ ಇಳಿಸಿ ಎತ್ತಿದ ಕೊಡದಲ್ಲಿ ಮೇಲೆ ನಾಲ್ಕು ಬೆರಳು ನೀರು, ಕೆಳಗೆಲ್ಲ ಕೆಂಪು ರಾಡಿ. "ಮಕ್ಕಳಿಗೆ ಇದನ್ನು ಬಟ್ಟೆಯಲ್ಲಿ ಸೋಸಿ ಕೊಟ್ಟೆ," ಎಂದರು. ಅವರು ಅಳಲಿಲ್ಲ. ಗಂಡನ ಮುಖ ನೋಡಲಿಕ್ಕೆ ಆಗುತ್ತಿರಲಿಲ್ಲ.

ಜಗಳ ಬಿಡಿಸಲು ಹೋಗದೆ ಒಂದು ಕಾಗದ ಮುಂದಿಟ್ಟೆ. ಲೆಕ್ಕ ನೀವೇ ಮಾಡಿ ಎಂದೆ. ಐದು ಸೆಂಟ್ಸ್ ಅಂದರೆ ಸುಮಾರು ಇನ್ನೂರು ಚದರ ಮೀಟರ್. ಬೇಸಿಗೆಯಲ್ಲಿ ಹಸಿರಿಡಲು ದಿನಕ್ಕೆ 5 ಮಿ.ಮೀ. ನೀರು, ಅಂದರೆ ಸಾವಿರ ಲೀಟರ್. ಇವರು ಒಯ್ಯುತ್ತಿದ್ದದ್ದು ಆರುನೂರು. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರಕಾರಿ ಮಾನದಂಡ ಹಿಡಿದರೆ ನಾಲ್ವರ ಮನೆಗೆ 540. ಬರೆದು ಮುಗಿಸಿ ಪೆನ್ನು ಕೆಳಗಿಟ್ಟರು. "ನಮ್ಮ ಇಡೀ ಮನೆಯ ನೀರು ಕೊಂಡುಹೋದೆ, ಆದರೂ ಹುಲ್ಲಿಗೆ ಸಾಕಾಗ್ಲಿಲ್ಲ."

ಸ್ವಲ್ಪ ಹೊತ್ತು ಬಿಟ್ಟು ತಾವಾಗಿಯೇ ಹೇಳಿದರು: "ನಿಜ ಹೇಳಬೇಕಾದರೆ ಹುಲ್ಲು ಸಾಯುದಿಲ್ಲ ಮೇಡಂ. ಮಲಗ್ತದೆ. ಗರಿಕೆ ಜಾತಿಯದ್ದಂತೂ ಬುಡದಲ್ಲಿ ಜೀವ ಹಿಡಿದು ಕೂತಿರ್ತದೆ. ಎರಡು-ಮೂರು ವಾರಕ್ಕೊಮ್ಮೆ ಬೇರು ಒದ್ದೆ ಮಾಡಿದರೆ ಸಾಕು. ಕತ್ತರಿಸಬಾರದು, ಯೂರಿಯಾ ಹಾಕಬಾರದು, ಮೇಲೆ ಓಡಾಡಬಾರದು."

"ಇದನ್ನು ಗ್ರಾಹಕರಿಗೆ ಹೇಳಿದ್ದೀರಾ?"

"ಇಲ್ಲ. ಕೆಲಸ ಮಾಡದೆ ದುಡ್ಡು ತೆಗೆದುಕೊಳ್ಳುವ ನೆಪ ಅಂದುಕೊಳ್ತಾರೆ."

ಗಂಟು ಇದ್ದದ್ದು ಇಲ್ಲಿ. ಹೆಂಡತಿಯನ್ನು ಸ್ವಲ್ಪ ಹೊರಗೆ ಕೂರಿಸಿ, ಬದುಕೇ ಬೇಡ ಅನ್ನಿಸಿದೆಯಾ ಎಂದು ನೇರವಾಗಿಯೇ ಕೇಳಿದೆ. ಇಂಥದ್ದನ್ನು ಸುತ್ತಿ ಬಳಸಿ ಕೇಳಿದರೆ ಉತ್ತರವೂ ಸುತ್ತಿಯೇ ಬರುತ್ತದೆ. ಓಡಿಹೋಗಬೇಕು ಅನ್ನಿಸಿದೆ, ಸಾಯಬೇಕು ಅನ್ನಿಸಿಲ್ಲ ಎಂದರು. ರಾತ್ರಿ ಹೊತ್ತು ಹಾಗೇನಾದರೂ ಅನ್ನಿಸಿದರೆ ಮಾತಾಡಲು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವರ ಫೋನಿನಲ್ಲಿ ಸೇವ್ ಮಾಡಿಸಿದೆ.

ಆಮೇಲೆ ಹೆಂಡತಿಯನ್ನು ಒಳಗೆ ಕರೆದು ಗ್ರಾಹಕರಿಗೆ ಕಳಿಸುವ ವಾಟ್ಸಾಪ್ ಮೆಸೇಜ್ ಬರೆಯಲು ಕುಳಿತೆವು. ಅವರ ಮೊದಲ ಕರಡಿನಲ್ಲಿ ಆರು ಸಾಲು, ನಾಲ್ಕು "ಸಾರಿ". ಮಳೆ ಬಾರದ್ದಕ್ಕೂ ಒಂದು ಸಾರಿ! ಹೆಂಡತಿಗೆ ನಗು ಬಂತು, ಇವರಿಗೂ. ಕೊನೆಗೆ ಉಳಿದದ್ದು ಇಷ್ಟು: ನೀರಿಲ್ಲದ ಕಾರಣ ಹುಲ್ಲು ವಿಶ್ರಾಂತಿಯಲ್ಲಿದೆ, ಮಳೆ ಬಂದ ಮೇಲೆ ಚಿಗುರುತ್ತದೆ. ಅಲ್ಲಿಯವರೆಗೆ ಕಟಿಂಗ್ ಇಲ್ಲ, ತಿಂಗಳಿಗೆ ಅರ್ಧ ದುಡ್ಡು. ಅದರಲ್ಲಿ ಗಿಡಗಳ ಬುಡಕ್ಕೆ ತೆಂಗಿನ ಸಿಪ್ಪೆ, ಸೋಗೆ ಮುಚ್ಚುವ ಕೆಲಸ. ಬೇಕಾದವರಿಗೆ ಮಾಡಿನ ಮಳೆನೀರನ್ನು ಬಾವಿಗೆ ಇಳಿಸುವ ಪೈಪ್ ಕೆಲಸ, ಅದಕ್ಕೆ ಬೇರೆ ದರ. ವ್ಯಾಪಾರದ ಐಡಿಯಾ ಎಲ್ಲ ಅವರದ್ದೇ. ನನಗೆ ಮಲ್ಲಿಗೆ ಗಿಡ ಒಂದನ್ನೂ ಉಳಿಸಿಕೊಳ್ಳಲು ಬರುವುದಿಲ್ಲ.

ನಾನು ಗಟ್ಟಿಯಾಗಿ ಹೇಳಿದ್ದು ಮೂರು ಸಂಗತಿ. ಆ ಹಿರಿಯರಿಗೆ ಮೆಸೇಜ್ ಬೇಡ, ಮನೆಗೆ ಹೋಗಿ ಎದುರು ಕೂತು ಹೇಳಿ, ಮಾತು ಕೊಟ್ಟಿದ್ದು ಅಲ್ಲೇ ಅಲ್ಲವೇ. ಪಿಕಪ್ ಸಾಲದ ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಮಾತಾಡಿ. ಇವರು ಪಿಗ್ಮಿ ಕಟ್ಟುವುದನ್ನೂ ನಿಲ್ಲಿಸಿ, ಪಿಗ್ಮಿಯವರು ಬರುವಾಗ ಬಚ್ಚಲಿಗೆ ಹೋಗಿ ಕೂರುತ್ತಿದ್ದರಂತೆ. 1928ರಲ್ಲಿ ಪಿಗ್ಮಿ ಶುರುವಾದದ್ದೇ ನಮ್ಮ ಕರಾವಳಿಯಲ್ಲಿ, ಕೈಯಲ್ಲಿ ಚಿಲ್ಲರೆ ಮಾತ್ರ ಇರುವವರಿಗಾಗಿ. ಹತ್ತು ರೂಪಾಯಿ ಕಟ್ಟಲಿಕ್ಕೆ ನಾಚಿಕೆ ಎಂತಕ್ಕೆ? ಮೂರನೆಯದು, ಪಂಪ್‌ನ ಸ್ವಿಚ್ ಇನ್ನು ಹೆಂಡತಿಯ ಕೈಯಲ್ಲಿ. ಇದಕ್ಕೆ ಅವರ ಮುಖ ಸಣ್ಣದಾಯಿತು, ಬೇಡ ಎನ್ನಲಿಲ್ಲ.

ಮೂರು ಮನೆಯವರು ಬಿಟ್ಟರು, ಒಬ್ಬರು ಒರಟಾಗಿಯೇ. ಉಳಿದವರು ಅರ್ಧ ದುಡ್ಡಿಗೆ ಒಪ್ಪಿದರು. ಹಿರಿಯರು, ಇವರು ಹೇಳಿದ್ದನ್ನೆಲ್ಲ ಕೇಳಿಕೊಂಡು, "ಹುಲ್ಲಿನ ಮೇಲೆ ಹೇಗೂ ಮ್ಯಾಟ್ ಹಾಸ್ತಾರೆ ಮಾರಾಯ, ಮೊದಲೇ ಹೇಳ್ಲಿಕ್ಕೆ ಆಗ್ತಿರಲಿಲ್ವಾ?" ಎಂದರಂತೆ. ಇದನ್ನು ನನಗೆ ಹೇಳುವಾಗ ಇವರ ದನಿಯಲ್ಲಿ ಸಮಾಧಾನಕ್ಕಿಂತ ಸಿಟ್ಟೇ ಹೆಚ್ಚಿತ್ತು. ಅಷ್ಟು ದಿನ ಡ್ರಮ್ ಹೊತ್ತವರು ಅವರಲ್ಲವೇ. ಆ ಸಿಟ್ಟಿನ ಮೇಲೆ ಮತ್ತೊಂದು ಇಡೀ ಭೇಟಿ ಹೋಯಿತು. ಅದೇ ದಿನ, ಈಗ ಐದೂವರೆವರೆಗೆ ನಿದ್ದೆ ಬರುತ್ತದೆ ಎಂದೂ ಹೇಳಿದರು.

ಆ ವರ್ಷ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ. ಜುಲೈಯಲ್ಲಿ ಸುರಿಯಿತು. ಒದ್ದೆ ಹುಲ್ಲು ಬ್ಲೇಡಿಗೆ ಸುತ್ತಿಕೊಳ್ಳುತ್ತದೆ, ಸ್ವಲ್ಪ ಹೊಳವಾದಾಗಲೇ ಕೆಲಸ ಮುಗಿಸಬೇಕು ಎಂದು ಭೇಟಿಗೆ ಬರಲೇ ಇಲ್ಲ. ಆಗಸ್ಟ್‌ನಲ್ಲಿ ಮಳೆ ಮತ್ತೆ ಕೈಕೊಟ್ಟಿತು. ದೇಶದ ಮಟ್ಟಿಗೆ ಅದು 1901ರಿಂದೀಚಿನ ಅತಿ ಕಡಿಮೆ ಮಳೆಯ ಆಗಸ್ಟ್. ತಿಂಗಳ ಕೊನೆಗೆ ಫೋನಿಗೆ ಅವರದ್ದೊಂದು ಮೆಸೇಜ್ ಬಂತು. ಗ್ರಾಹಕರಿಗೆ ಆಗಲೇ ಕಳಿಸಿ ಆಗಿತ್ತು, ನನಗೆ ನೋಡಲಿಕ್ಕೆ ಮಾತ್ರ. ಒಂದು ಕಡೆ "ಸಾರಿ" ಇತ್ತು. ಓದಿ, ಚೆನ್ನಾಗಿದೆ ಎಂದಷ್ಟೇ ಬರೆದೆ.