ನಾಲ್ಕು ಸಿನಿಮಾ ಜೊತೆ ಒಂದು ಗೇಮ್ ಯಾಕೆ?

ಓದುಗರ ಪತ್ರ: ‘ಶಾರ್ಟ್ ಪೀಸ್’ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿದೆ. ನಾಲ್ಕು ಜಪಾನಿ ಅನಿಮೇಷನ್ ಕಿರುಚಿತ್ರಗಳಿಗೆ ಒಂದು ವಿಡಿಯೊ ಗೇಮ್ ಗಂಟುಹಾಕಿದ್ದಾರೆ. ಇದು ಸುಮ್ನೆ ದುಡ್ಡು ಮಾಡುವ ಉಪಾಯ ಅಲ್ವಾ? ಗೇಮ್ ಆಡದಿದ್ದರೆ ಕಥೆ ಅರ್ಥವಾಗುತ್ತದೆಯೇ?

ಸಂಪಾದಕರ ಉತ್ತರ: ಧಾರಾಳವಾಗಿ ಅರ್ಥವಾಗುತ್ತದೆ. ನಾಲ್ಕು ಚಿತ್ರಗಳ ಕಥೆಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ, ಗೇಮಿಗಂತೂ ಇಲ್ಲವೇ ಇಲ್ಲ. ಕಾಲ ಬೇರೆ, ಪಾತ್ರ ಬೇರೆ, ನಿರ್ದೇಶಕರೂ ಬೇರೆ. ಎಲ್ಲವೂ ಜಪಾನಿನಲ್ಲಿ ನಡೆಯುತ್ತವೆ, ಅಷ್ಟೇ.

ಇನ್ನು ದುಡ್ಡಿನ ಮಾತು. ವ್ಯಾಪಾರವೇ ಇಲ್ಲ ಅನ್ನಲಾರೆ. ಚಿತ್ರಗಳು 2013ರ ಜುಲೈನಲ್ಲಿ ಜಪಾನಿನ ಥಿಯೇಟರಿಗೆ ಬಂದವು. 2014ರ ಜನವರಿಯಲ್ಲಿ ಪ್ಲೇಸ್ಟೇಷನ್ 3ರ ಡಿಸ್ಕಿನಲ್ಲಿ ಗೇಮ್ ಜೊತೆ ಮತ್ತೆ ಬಂದವು. ಆದರೆ ದುಡ್ಡೊಂದೇ ಲೆಕ್ಕವಾಗಿದ್ದರೆ ಇನ್ನೂ ಸಲೀಸಾದ ದಾರಿ ಇತ್ತು. ಹಾಜಿಮೆ ಕತೊಕಿ ಚಿತ್ರವನ್ನೇ ನೋಡಿ. ಪಾಳುಬಿದ್ದ ಟೋಕಿಯೊ, ಯಂತ್ರಕವಚ ತೊಟ್ಟ ಐದು ಜನ, ಎದುರಿಗೆ ಒಂದು ರೋಬೊ ಟ್ಯಾಂಕ್. ಗೇಮಿಗೆಂದೇ ಹೇಳಿ ಮಾಡಿಸಿದಂತಿದೆ! ಅದನ್ನು ಮುಟ್ಟದೆ, ಗೇಮ್ ವಿನ್ಯಾಸಕ ಗೊಯಿಚಿ ಸುಡಾ ಕೈಲಿ ಗೇಮಿಗೆ ಹೊಸ ಕಥೆಯನ್ನೇ ಬರೆಸಿದರು. ಅಪ್ಪನನ್ನು ಕೊಲ್ಲಲು ಹೊರಟ ಶಾಲಾ ಹುಡುಗಿ ರಾಂಕೊ ಅದರ ನಾಯಕಿ. ಆಕೆ ಓಡುತ್ತಾಳೆ, ಹಿಂದಿನಿಂದ ಏನೋ ಅಟ್ಟಿಸಿಕೊಂಡು ಬರುತ್ತದೆ. ನಡುನಡುವೆ ಬರುವ ಅನಿಮೇಷನ್ ತುಣುಕುಗಳು ಮಜಾ ಕೊಡುತ್ತವೆ. ಓಟ ಮಾತ್ರ ಬೇಗ ಬೇಜಾರು ತರಿಸುತ್ತದೆ. ಒಂದೇ ಕೂತಲ್ಲಿ ಮುಗಿದೂ ಹೋಗುತ್ತದೆ.

ನನ್ನನ್ನು ಕೇಳಿದರೆ, ನೋಡಲೇಬೇಕಾದ್ದು ‘ಆಕಿರಾ’ ಅನಿಮೇಷನ್ ಸಿನಿಮಾ ಖ್ಯಾತಿಯ ಕತ್ಸುಹಿರೊ ಒಟೊಮೊ ಮಾಡಿದ ಬೆಂಕಿಯ ಚಿತ್ರ. ಕಥೆ ನಡೆಯುವುದು ಎಡೊದಲ್ಲಿ, ಅಂದರೆ ಇವತ್ತಿನ ಟೋಕಿಯೊದಲ್ಲಿ. ಮರ, ಕಾಗದದ ಮನೆಗಳ ಊರು, ಒಂದು ಕಿಡಿ ಸಾಕು. 1657ರ ಬೆಂಕಿಯಲ್ಲಿ ಲಕ್ಷದಷ್ಟು ಜನ ಸತ್ತರೆಂದು ಹೇಳುತ್ತಾರೆ. ಬೆಂಕಿ ಹರಡದಂತೆ ಅಕ್ಕಪಕ್ಕದ ಮನೆಗಳನ್ನೇ ಕೆಡವುವುದು ಆಗ ಅಲ್ಲಿನ ಅಗ್ನಿಶಾಮಕರ ಮುಖ್ಯ ಕೆಲಸ. ಅವರಲ್ಲೊಬ್ಬ ಮತ್ಸುಕಿಚಿ. ಬೇರೊಬ್ಬನ ಜೊತೆ ಮದುವೆ ನಿಶ್ಚಯವಾದ ಅವನ ಬಾಲ್ಯದ ಗೆಳತಿ ಒವಾಕಾ. ಅವಳ ಕೋಣೆಯಲ್ಲಿ ಬೆಂಕಿ ಹೊತ್ತಿದಾಗ ಕೂಗಿ ಜನ ಸೇರಿಸಬಹುದಿತ್ತು. ಅವಳು ಸುಮ್ಮನಿರುತ್ತಾಳೆ.

ಒಟೊಮೊ ಇದನ್ನು, ಉದ್ದನೆಯ ಸುರುಳಿಯ ಮೇಲೆ ಬಿಡಿಸಿದ ಹಳೆಯ ಜಪಾನಿ ವರ್ಣಚಿತ್ರದ ಹಾಗೆ ತೋರಿಸಿದ್ದಾರೆ. ಸುರುಳಿ ಬಿಚ್ಚಿಕೊಳ್ಳುತ್ತದೆ. ಮೇಲಿನಿಂದ ಓರೆಯಾಗಿ ಕಾಣುವ ಅಂಗಳ, ಸೂರು, ಬೀದಿ. ದೂರದ ಮನೆಗಳೂ ಚಿಕ್ಕದಾಗುವುದಿಲ್ಲ. ಎಲ್ಲ ಅಚ್ಚುಕಟ್ಟು, ಎಲ್ಲ ನಿಧಾನ. ಬೆಂಕಿ ಹಬ್ಬುತ್ತಿದ್ದಂತೆ ಆ ಅಚ್ಚುಕಟ್ಟೆಲ್ಲ ಕೆಟ್ಟುಹೋಗುತ್ತದೆ. ಕ್ಯಾಮೆರಾ ಹತ್ತಿರಕ್ಕೆ ಇಳಿಯುತ್ತದೆ, ಹೊಗೆ ಮುಖಕ್ಕೇ ಬಡಿದಂತಾಗುತ್ತದೆ. 2012ರ ಜಪಾನ್ ಮೀಡಿಯಾ ಆರ್ಟ್ಸ್ ಉತ್ಸವದ ಅನಿಮೇಷನ್ ವಿಭಾಗದಲ್ಲಿ ಮೊದಲ ಬಹುಮಾನ ಇದಕ್ಕೇ ಬಂತು.

ಈಗ ನೋಡಿ, ಈ ಕಥೆಯನ್ನೇ ಗೇಮ್ ಮಾಡಿದ್ದರೆ ಏನಾಗುತ್ತಿತ್ತು? ಆಡುವವರು ಒವಾಕಾಳನ್ನು ಉಳಿಸಲು ಹತ್ತು ಸಲ ಪ್ರಯತ್ನಿಸುತ್ತಿದ್ದರು. ಕಥೆಯ ಸಂಕಟವೇ ಹೋಗುತ್ತಿತ್ತು. ರಾಂಕೊ ಹಾಗಲ್ಲ. ಬಿದ್ದರೆ ಎದ್ದು ಮತ್ತೆ ಓಡುವುದೇ ಅವಳ ಕಥೆ. ಗೇಮ್ ಸಾಧಾರಣವೇ ಇರಬಹುದು, ಅದನ್ನು ಬೇರೆಯಾಗಿಟ್ಟ ತೀರ್ಮಾನ ಸರಿಯಾದದ್ದು.

ನೋಡುವುದಾದರೆ ಶುಹೆಯಿ ಮೊರಿಟಾ ಅವರ 14 ನಿಮಿಷದ ಚಿತ್ರದಿಂದ ಶುರು ಮಾಡಿ. ಮಳೆಗೆ ಸಿಕ್ಕ ಮನುಷ್ಯನೊಬ್ಬ ಪಾಳು ಗುಡಿ ಹೊಕ್ಕು, ಕೊಡೆ, ಬಟ್ಟೆಗಳ ಭೂತಗಳನ್ನು ಓಡಿಸದೆ ಕೂತು ರಿಪೇರಿ ಮಾಡುತ್ತಾನೆ. ಆಸ್ಕರ್‌ಗೆ ನಾಮನಿರ್ದೇಶನವಾಗಿತ್ತು, ಪ್ರಶಸ್ತಿ ಬರಲಿಲ್ಲ. ಹಿರೊಆಕಿ ಆಂಡೊ ಅವರ ಬಿಳಿ ಕರಡಿಯ ಕಥೆಯನ್ನು ಮಾತ್ರ, ಕರಡಿ ಇದೆಯೆಂದು ಮಕ್ಕಳಿಗೆ ಹಾಕಿಕೊಡಬೇಡಿ. ರಕ್ತ ಜಾಸ್ತಿ.