ಆಜ್ಞೆ ಪಾಲಿಸುವ ಯಂತ್ರಕ್ಕೆ ಧರ್ಮವುಂಟೇ?

ಪ್ರಶ್ನೆ: ‘ಟರ್ಮಿನೇಟರ್’ ಸರಣಿಯ 1991ರ ಚಿತ್ರದಲ್ಲಿ, ಯಾರನ್ನೂ ಕೊಲ್ಲಬಾರದೆಂದು ಹುಡುಗ ಜಾನ್ ಆಜ್ಞಾಪಿಸಿದ ಮೇಲೆ ಯಂತ್ರಮಾನವ ಕೊಲ್ಲುವುದನ್ನು ಬಿಡುತ್ತದೆ. ಅದನ್ನು ಸದ್ಗುಣವೆನ್ನಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಆಜ್ಞೆಗೆ ಒಪ್ಪಿದ ಮೇಲೂ ಅದು ಕಾವಲುಗಾರನ ಕಾಲಿಗೆ ಗುಂಡು ಹೊಡೆದು, ಇವನು ಬದುಕುತ್ತಾನೆಂದು ಜಾನ್‌ಗೆ ವರದಿ ಒಪ್ಪಿಸುತ್ತದೆ. ಆಜ್ಞೆಯ ಅಕ್ಷರ ಪಾಲನೆಯಾಯಿತು. ಅದರ ಹಿಂದಿದ್ದ ಕರುಣೆ ತಲುಪಲಿಲ್ಲ. ನಿಮ್ಮ ಕಡೆಯ ತಾಳಮದ್ದಳೆಗಳಲ್ಲಿ ಕುಂಭಕರ್ಣನ ಅರ್ಥ, ಅಂದರೆ ಆ ಪಾತ್ರದ ಮಾತುಗಾರಿಕೆ, ಕೇಳಿದವರಿಗೆ ವ್ಯತ್ಯಾಸ ಹೊಳೆದೀತು: ಅಣ್ಣ ತಪ್ಪಿದ್ದಾನೆಂದು ಬಲ್ಲ ಅವನು ಅದನ್ನು ಮುಖಕ್ಕೇ ಹೇಳುತ್ತಾನೆ, ವಿಭೀಷಣನಂತೆ ಹೊರಟುಹೋಗುವ ದಾರಿ ತೆರೆದಿದ್ದರೂ ಉಳಿದು ಕಾದುತ್ತಾನೆ, ಆದ್ದರಿಂದಲೇ ಅವನನ್ನು ಹೊಗಳಲೂ ತೆಗಳಲೂ ಬರುತ್ತದೆ (ರಾತ್ರಿಯಿಡೀ ವಾದಿಸಲೂ ಬರುತ್ತದೆ). ಬೇರೆ ದಾರಿಯೇ ಇಲ್ಲದ ಯಂತ್ರಕ್ಕೆ ಎರಡೂ ಸಲ್ಲವು.

ಆದರೆ ಕೊನೆಯಲ್ಲಿ, ಹೋಗಬೇಡವೆಂದು ಜಾನ್ ಅಳುತ್ತ ಆಜ್ಞಾಪಿಸಿದರೂ, ಮುಂದೆ ಮನುಷ್ಯರ ಮೇಲೆ ತಿರುಗಿಬೀಳುವ ಯಂತ್ರಗಳಿಗೆ ಮೂಲವಾಗಬಲ್ಲ ತನ್ನ ತಲೆಯೊಳಗಿನ ಚಿಪ್ ಉಳಿಯಬಾರದೆಂದು ಅದು ಕರಗಿದ ಉಕ್ಕಿಗೆ ಇಳಿಯುತ್ತದೆ. ಇದು ಸ್ವಂತ ಆಯ್ಕೆಯೋ, ಜಾನ್‌ನನ್ನು ಕಾಪಾಡಬೇಕೆಂಬ ಮೂಲ ಆದೇಶದ ಮುಂದುವರಿಕೆಯೋ? ನಾನು ಎರಡನೆಯದರತ್ತ ವಾಲುತ್ತೇನೆ, ಏಕೆಂದರೆ ತನ್ನನ್ನು ತಾನೇ ನಾಶಮಾಡಿಕೊಳ್ಳಲಾರದ ಅದು, ತನ್ನನ್ನು ಕೆಳಗಿಳಿಸುವ ಗುಂಡಿಯನ್ನು ಜಾನ್‌ನ ತಾಯಿಯಿಂದ ಒತ್ತಿಸುತ್ತದೆ. ಆ ಒಂದು ನಿಷೇಧವನ್ನು ಅದು ಕಡೆಗೂ ಮೀರಲಿಲ್ಲ.