ಒಂದೇ ಡಿಸ್ಕ್, ಎರಡು ಸರ್ವರ್: ಫೆನ್ಸಿಂಗ್ ಬಿಡಬೇಡಿ

ನಮಸ್ಕಾರ. ಪೀಣ್ಯದ ನಿಮ್ಮ ಕಚೇರಿಯ ಎರಡು ಲಿನಕ್ಸ್ ಸರ್ವರ್‌ಗಳಿಗೆ ಒಂದೇ ಐಸ್ಕಸಿ (iSCSI, ನೆಟ್‌ವರ್ಕ್ ಮೂಲಕ ಸಿಗುವ) ಡಿಸ್ಕ್ ಜೋಡಿಸಿ, ಎಕ್ಸ್‌ಟಿ4 (ext4) ಎಂಬ ಸಾಮಾನ್ಯ ಕಡತ ವ್ಯವಸ್ಥೆ ಹಾಕಿ ಎರಡರಲ್ಲೂ ಮೌಂಟ್ ಮಾಡಿದರೆ, ಒಂದರಲ್ಲಿ ಬರೆದ ಕಡತ ಇನ್ನೊಂದರಲ್ಲಿ ಏಕೆ ಕಾಣುವುದಿಲ್ಲ ಎಂದು ಕೇಳಿದ್ದೀರಿ. ದಯವಿಟ್ಟು ಮೊದಲು ಎರಡೂ ಕಡೆ ಅನ್‌ಮೌಂಟ್ ಮಾಡಿ. ಡಿಸ್ಕಿಗೆ ತಾನೊಬ್ಬನೇ ಒಡೆಯ ಎಂದು ಎಕ್ಸ್‌ಟಿ4 ಭಾವಿಸುವುದರಿಂದ, ಪ್ರತಿ ಸರ್ವರ್ ತನ್ನ ಮೆಮೊರಿಯಲ್ಲಿರುವ ಹಳೆಯ ಚಿತ್ರವನ್ನೇ ನಂಬಿ, ಇನ್ನೊಂದು ಬರೆದದ್ದರ ಮೇಲೆಯೇ ಬರೆದು ದತ್ತಾಂಶವನ್ನು ಹಾಳುಮಾಡುತ್ತದೆ.

ನಿಮಗೆ ಬೇಕಾದದ್ದು ಜಿಎಫ್‌ಎಸ್2 (GFS2), ಅಂದರೆ ಹಲವು ಸರ್ವರ್‌ಗಳು ಒಂದೇ ಡಿಸ್ಕನ್ನು ಒಟ್ಟಿಗೆ ಬಳಸಲೆಂದೇ ಇರುವ ಕಡತ ವ್ಯವಸ್ಥೆ. ಯಾವ ಸರ್ವರ್ ಯಾವಾಗ ಬರೆಯಬಹುದೆಂದು ತೀರ್ಮಾನಿಸುವ ಅದರ ಬೀಗಗಳನ್ನು (ಲಾಕ್) ಡಿಎಲ್‌ಎಂ (DLM) ಎಂಬ ಬೀಗ ನಿರ್ವಾಹಕ ನೋಡಿಕೊಳ್ಳುತ್ತದೆ. ಕೊರೊಸಿಂಕ್ ಮತ್ತು ಪೇಸ್‌ಮೇಕರ್ ಎಂಬ ತಂತ್ರಾಂಶಗಳು ಕ್ಲಸ್ಟರನ್ನು, ಅಂದರೆ ಒಟ್ಟಾಗಿ ಕೆಲಸ ಮಾಡುವ ಈ ಸರ್ವರ್‌ಗಳ ಗುಂಪನ್ನು, ನಡೆಸುತ್ತವೆ. ಫಾರ್ಮ್ಯಾಟ್ ಮಾಡುವಾಗ ಸರ್ವರಿಗೊಂದರಂತೆ 2 ಜರ್ನಲ್ (ಬದಲಾವಣೆಗಳನ್ನು ಮೊದಲು ದಾಖಲಿಸುವ ಜಾಗ) ಕೊಡಿ. ಅಲ್ಲಿ ನೀಡುವ ಕ್ಲಸ್ಟರ್ ಹೆಸರು ಕೊರೊಸಿಂಕ್‌ನಲ್ಲಿರುವ ಹೆಸರಿಗೆ ಅಕ್ಷರಶಃ ಹೊಂದಬೇಕು, ಇಲ್ಲದಿದ್ದರೆ ಮೌಂಟ್ ಆಗದು.

ಫೆನ್ಸಿಂಗ್, ಅಂದರೆ ಸಂಪರ್ಕ ತಪ್ಪಿದ ಸರ್ವರನ್ನು ಬಲವಂತವಾಗಿ ನಿಲ್ಲಿಸುವ ಅಥವಾ ರೀಬೂಟ್ ಮಾಡುವ ವ್ಯವಸ್ಥೆ, ಅದರ ವಿಷಯದಲ್ಲಿ ಮಾತ್ರ ರಾಜಿ ಬೇಡ. ಅದನ್ನು ಆಮೇಲೆ ನೋಡೋಣವೆಂದು ಬಿಟ್ಟ ಒಂದು ಕಡೆ, ಒಂದು ಸರ್ವರಿನ ನೆಟ್‌ವರ್ಕ್ ಕೇಬಲ್ ಸಡಿಲವಾದೊಡನೆ, ಚೆನ್ನಾಗಿದ್ದ ಸರ್ವರಿನಲ್ಲೂ ಕಡತಗಳ ಪಟ್ಟಿ ತೋರಿಸುವ ಬರಿಯ ಎಲ್‌ಎಸ್ (ls) ಆದೇಶವೇ ಉತ್ತರವಿಲ್ಲದೆ ನಿಂತದ್ದನ್ನು ನಾನು ಕಂಡಿದ್ದೇನೆ. ಸಂಪರ್ಕ ತಪ್ಪಿದ ಸರ್ವರ್ ನಿಜಕ್ಕೂ ನಿಂತಿದೆಯೆಂದು ಖಚಿತವಾಗುವವರೆಗೆ ಡಿಎಲ್‌ಎಂ ಬೀಗ ಬಿಡುವುದಿಲ್ಲ, ಬಿಡಲೂಬಾರದು. ಆದ್ದರಿಂದ ಸರ್ವರ್‌ಗಳ ಐಪಿಎಂಐ (IPMI, ಸರ್ವರನ್ನು ದೂರದಿಂದಲೇ ಆರಿಸಿ ಹಚ್ಚುವ ವ್ಯವಸ್ಥೆ) ಮೂಲಕ ಫೆನ್ಸಿಂಗ್ ಹೊಂದಿಸಿ, ದತ್ತಾಂಶ ತುಂಬುವ ಮುನ್ನವೇ ಒಂದರ ಕೇಬಲ್ ಕಿತ್ತು, ಅದು ರೀಬೂಟ್ ಆಗುವುದನ್ನೂ ಇನ್ನೊಂದು ಕೆಲಸ ಮುಂದುವರಿಸುವುದನ್ನೂ ಕಣ್ಣಾರೆ ನೋಡಿ.